ಚಿನ್ನದ ವಾಚಿನ ಹಬ್ಬದ ಸ್ನಾನ

ಈ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ ಬೆಳಗ್ಗೆ, ಜಯನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹಳೆಯ ಚಿನ್ನದ ಕೈಗಡಿಯಾರಕ್ಕೆ ಅಂಟುವಾಳದ ನೀರಿನಲ್ಲಿ ಸ್ನಾನವಾಯಿತು. ಅದೇ ಪಾತ್ರೆಯಲ್ಲಿ ನನ್ನ ಹೆಂಡತಿಯ ಬಳೆಗಳೂ ಅವಲಕ್ಕಿ ಸರವೂ ಇದ್ದವು. ಬಳೆಗೂ ಸರಕ್ಕೂ ಏನೂ ಆಗಲಿಲ್ಲ. ಗಡಿಯಾರ ನಿಂತುಹೋಯಿತು. ಅದು ನಮ್ಮದಲ್ಲ, ನನ್ನ ಗೆಳೆಯ ಗುರುರಾಜನದು.

ಪತ್ರಿಕೆಯ ಸುದ್ದಿಮೇಜಿನಲ್ಲಿ ಕೂದಲು ನರೆಸಿಕೊಂಡವನು ನಾನು. ಮುಖ್ಯ ವಿಷಯವೆಲ್ಲ ಮೊದಲ ಪ್ಯಾರಾದಲ್ಲೇ ಬಂದಿರಬೇಕು, ಜಾಗ ಸಾಲದೆ ಕೆಳಗಿನಿಂದ ಕತ್ತರಿಸಿದರೂ ಓದುಗನಿಗೆ ನಷ್ಟವಾಗಬಾರದು ಎಂದು ಕಿರಿಯರಿಗೆ ಹೇಳಿಕೊಟ್ಟವನು. ಆದ್ದರಿಂದ ನಿಮಗೆ ಬಸ್ಸಿಗೆ ಹೊತ್ತಾಗಿದ್ದರೆ ಇಲ್ಲಿಗೇ ಬಿಟ್ಟು ಹೊರಡಬಹುದು. ಕೂರುವ ಮನಸ್ಸಿದ್ದರೆ ಹಳೆಯ ಚಿನ್ನದ ವಾಚುಗಳ ಬಗ್ಗೆ ಒಂದಿಷ್ಟು ಮಾತಾಡುವ ಆಸೆ ನನಗಿದೆ. ಮನೆಯಲ್ಲಿ ಇದನ್ನು ಕೇಳುವವರು ಯಾರೂ ಉಳಿದಿಲ್ಲ.

ಮೊದಲಿಗೆ ಒಂದು ವಿವರಣೆ. ಗುರುರಾಜನ ವಾಚು ಬರೀ ವಾಚಲ್ಲ, ಕ್ರೋನೋಗ್ರಾಫ್. ಅಂದರೆ ಗಡಿಯಾರದ ಹೊಟ್ಟೆಯೊಳಗೆ ಇನ್ನೊಂದು ಗಡಿಯಾರ. ಕೀಲಿ ಕೊಡುವ ತಿರುಪಿನ ಮೇಲೊಂದು, ಕೆಳಗೊಂದು ಗುಂಡಿ ಇರುತ್ತದೆ. ಒಂದನ್ನು ಒತ್ತಿದರೆ ಉದ್ದನೆಯ ತೆಳು ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಂದನ್ನು ಒತ್ತಿದರೆ ಏನೂ ನಡೆದೇ ಇಲ್ಲವೆಂಬಂತೆ ಮೊದಲ ಜಾಗಕ್ಕೆ ಹಾರಿ ಬರುತ್ತದೆ. ಓಟದ ಪಂದ್ಯಕ್ಕೆ, ನಾಡಿ ಎಣಿಸುವುದಕ್ಕೆ, ಫಿರಂಗಿಯ ಗುಂಡು ಎಷ್ಟು ದೂರದಿಂದ ಬಂತೆಂದು ಲೆಕ್ಕ ಹಾಕುವುದಕ್ಕೆ ಇದನ್ನು ಬಳಸುತ್ತಿದ್ದರಂತೆ. ಹೆಸರಿನ ಅರ್ಥ ಕಾಲವನ್ನು ಬರೆಯುವುದು ಎಂದು. ಹಿಂದೆ ಫ್ರಾನ್ಸಿನ ದೊರೆಗೆ ಕುದುರೆ ಪಂದ್ಯದ ಹುಚ್ಚಿತ್ತು. ಅವನಿಗಾಗಿ ಮಾಡಿದ ಯಂತ್ರವೊಂದು ಕುದುರೆ ಗೆರೆ ದಾಟಿದಾಗಲೆಲ್ಲ ಬಿಳಿಯ ತಟ್ಟೆಯ ಮೇಲೆ ಒಂದು ತೊಟ್ಟು ಶಾಯಿ ಉದುರಿಸುತ್ತಿತ್ತಂತೆ. ಹೀಗೆ ನಿಜವಾಗಿಯೂ ಬರೆಯುತ್ತಿದ್ದ ಗಡಿಯಾರ ಮುಂದೆ ಬರೆಯುವುದನ್ನು ಬಿಟ್ಟಿತು, ಹೆಸರು ಮಾತ್ರ ಉಳಿಸಿಕೊಂಡಿತು. ಪತ್ರಿಕೋದ್ಯಮದಲ್ಲೂ ಇಂಥ ಕೆಲವರನ್ನು ಬಲ್ಲೆ.

ನನಗೆ ಈ ಗೀಳು ಅಂಟಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಹೊಸಬರನ್ನೆಲ್ಲ ಆಗ ಕಾಲೇಜುಗಳ ಕ್ರೀಡಾಕೂಟಕ್ಕೆ ಅಟ್ಟುತ್ತಿದ್ದರು. ಓಟದ ಗೆರೆಯ ಪಕ್ಕದಲ್ಲಿ ಮೆಟ್ಟಿಲಿನಂಥ ಏಣಿಯ ಮೇಲೆ ಸಮಯ ಹಿಡಿಯುವವರು ಸಾಲಾಗಿ ಕೂರುತ್ತಿದ್ದರು. ಎಲ್ಲರ ಕೈಯಲ್ಲೂ ಉಕ್ಕಿನ ಸ್ಟಾಪ್‌ವಾಚು. ಕೊನೆಯ ಮೆಟ್ಟಿಲಿನಲ್ಲಿ ಹ್ಯಾಟು ಹಾಕಿದ ಒಬ್ಬ ಹಿರಿಯರ ಮಣಿಕಟ್ಟಿನಲ್ಲಿ ಮಾತ್ರ ಚಿನ್ನದ ಕ್ರೋನೋಗ್ರಾಫ್. ಪಿಸ್ತೂಲಿನ ಹೊಗೆ ಕಂಡ ಕೂಡಲೇ ಒತ್ತಬೇಕು, ಸದ್ದು ಕೇಳಿ ಒತ್ತಿದರೆ ತಡವಾಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಕೂಟ ಮುಗಿದ ಮೇಲೆ ಬಿಚ್ಚಿ ನನ್ನ ಕೈಗಿಟ್ಟರು. ಅಂಗೈಯಲ್ಲಿ ಬೆಚ್ಚಗಿತ್ತು. ಯಾರು ಗೆದ್ದರೆಂಬುದು ಆಫೀಸಿಗೆ ಬರುವಷ್ಟರಲ್ಲಿ ನನಗೆ ಮರೆತಿತ್ತು.

ಈಗ ನನ್ನ ಬಳಿ ಅಂಥವು ಮೂರಿವೆ. ಒಂದನ್ನು ಚಿನ್ನವೆಂದು ನಂಬಿ ತಂದೆ. ಮೇಲೆ ಬರೀ ಚಿನ್ನದ ಮುಲಾಮು, ಒಳಗೆ ಹಿತ್ತಾಳೆಯೆಂದು ಮರುದಿನ ತಿಳಿಯಿತು. ಎರಡನೆಯದು ನಿಜವಾದ ಚಿನ್ನ, ಆದರೆ ನಡೆಯುವುದಿಲ್ಲ. ಮೂರನೆಯದು ನಡೆಯುತ್ತದೆ, ಬೇಸಗೆಯಲ್ಲಿ. ಇದನ್ನು ಸಂಗ್ರಹ ಎಂದು ಕರೆಯುವವನು ಲೋಕದಲ್ಲಿ ನಾನೊಬ್ಬನೇ. ನನ್ನ ಹೆಂಡತಿ ಪದ್ಮ ಇದನ್ನು 'ನಿಮ್ಮ ಡಬ್ಬಿ' ಎನ್ನುತ್ತಾಳೆ.

ಇವುಗಳಲ್ಲಿ ಏನಿದೆ ಎಂದು ಕೇಳಿದರೆ ನೆಟ್ಟಗಿನ ಉತ್ತರ ನನ್ನಲ್ಲಿಲ್ಲ. ನಾವು ಮೊದಲು ಜಯನಗರಕ್ಕೆ ಬಂದಾಗ ಬಸ್ ಸ್ಟಾಪಿನಲ್ಲಿ ನಿಂತರೆ ದಿನಕ್ಕೆ ಒಬ್ಬರಾದರೂ "ಟೈಮೆಷ್ಟಾಯ್ತು ಸಾರ್?" ಎಂದು ಕೇಳುತ್ತಿದ್ದರು. ಕೇಳಿದವರಿಗೆ ಸಮಯ ಹೇಳುವುದರಲ್ಲಿ ಒಂದು ಸಣ್ಣ ದೊಡ್ಡಸ್ತಿಕೆಯಿತ್ತು. ತೋಳು ಸ್ವಲ್ಪ ಮೇಲೆತ್ತಿ, ಮೊಣಕೈ ಮಡಿಸಿ, ಒಂದು ಕ್ಷಣ ಯೋಚಿಸಿದವರಂತೆ ಮಾಡಿ ಹೇಳುವುದು. ಗುರುತಿಲ್ಲದವರ ನಡುವೆ ಮಾತು ಶುರುವಾಗುತ್ತಿದ್ದದ್ದೇ ಹಾಗೆ. ಬಸ್ಸು ಬರದೇ ಇದ್ದರೆ ಅದು ಮಳೆಯ ವಿಷಯಕ್ಕೂ, ಇನ್ನೂ ತಡವಾದರೆ ಮಗಳ ಮದುವೆಯ ವಿಷಯಕ್ಕೂ ಬೆಳೆಯುತ್ತಿತ್ತು. ಈಗ ಎಲ್ಲರ ಜೇಬಿನಲ್ಲೂ ಸಮಯವಿದೆ. ಯಾರಾದರೂ ನನ್ನನ್ನು ಟೈಮೆಷ್ಟು ಎಂದು ಕೇಳಿ ಎಷ್ಟು ಕಾಲವಾಯಿತೋ ನೆನಪಿಲ್ಲ. ಕೇಳಿದರೆ ತೋರಿಸೋಣವೆಂದು ಕಟ್ಟಿಕೊಂಡು ಹೋದ ದಿನಗಳಿವೆ.

ಗುರುರಾಜನ ಮಾತಿಗೆ ಬರೋಣ. ಅವನು ಬಸವನಗುಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ಮೊದಲು ಬನಶಂಕರಿಯಲ್ಲಿದ್ದ, ಈಗ ಪದ್ಮನಾಭನಗರದಲ್ಲಿದ್ದಾನೆ. ಭಾನುವಾರ ಬೆಳಗ್ಗೆ ನಾವಿಬ್ಬರೂ ನಾಲ್ಕನೇ ಬ್ಲಾಕಿನ ಒಂದು ಹೋಟೆಲಿನಲ್ಲಿ ಸೇರುತ್ತೇವೆ. ಇಡ್ಲಿ ಮುಗಿದು, ಮೇಜು ಒರೆಸಿ ಆದ ಮೇಲೆ, ಕಾಫಿ ಬರುವುದಕ್ಕೆ ಮೊದಲು, ಕರವಸ್ತ್ರ ಹಾಸಿ ಅದರ ಮೇಲೆ ವಾಚು ಇಡಬೇಕು. ಬೆಲೆ ಕೇಳಬಾರದು. ಒಬ್ಬನ ವಾಚಿಗೆ ಇನ್ನೊಬ್ಬ ಕೀಲಿ ಕೊಡಬಾರದು. ಈ ನಿಯಮಗಳನ್ನೆಲ್ಲ ಮಾಡಿದವನು ಗುರುರಾಜ, ಪಾಲಿಸುವವನು ನಾನು. ಕೈಗೆ ಮಾತ್ರ ಅವನು ತನ್ನ ವಾಚನ್ನು ಕಟ್ಟುತ್ತಿರಲಿಲ್ಲ. ಬೆವರು ತಾಗುತ್ತದೆ ಎನ್ನುತ್ತಿದ್ದ.

ಅದು ಅವನಿಗೆ ಮಾವ ಕೊಟ್ಟದ್ದು. ಬೆಂಗಳೂರಿನಲ್ಲಿ ಇಂಥ ವಾಚುಗಳು ಸಂಸಾರಸ್ಥರ ಮನೆ ಹೊಕ್ಕಿದ್ದು ಹೆಚ್ಚಾಗಿ ವರೋಪಚಾರದ ತಟ್ಟೆಯಲ್ಲೇ: ರೇಷ್ಮೆ ಪಂಚೆ, ಉಂಗುರ, ಪಕ್ಕದಲ್ಲೊಂದು ವಾಚು. ಗುರುರಾಜನ ಮಾವ ವಕೀಲರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಹರಾಜಿನ ಅಂಗಡಿಯಲ್ಲಿ ಇದನ್ನು ಹಿಡಿದಿದ್ದರು. ಎರಡು ಗುಂಡಿ ಯಾಕಿವೆಯೆಂದು ಅವರಿಗೆ ಗೊತ್ತಿರಲಿಲ್ಲ. ಒಂದಕ್ಕಿಂತ ಎರಡು ಮೇಲೆಂದು ತಂದಿದ್ದರು. ಗಟ್ಟಿಮೇಳ ಶುರುವಾದಾಗ ಭೌತಶಾಸ್ತ್ರದ ಮದುಮಗ ಕುತೂಹಲ ತಡೆಯಲಾಗದೆ ಗುಂಡಿ ಒತ್ತಿದನಂತೆ. ಮುಳ್ಳು ಓಡಿತು. ಆಮೇಲೆ ನಿಲ್ಲಿಸಲು ಕೈ ಬಿಡುವಿರಲಿಲ್ಲ, ತಾಳಿ ಕಟ್ಟಬೇಕಿತ್ತು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮದುಮಗಳು ವಿಮಲ ಮೆಲ್ಲಗೆ, "ಅದೇನೋ ಓಡ್ತಾ ಇದೆ," ಎಂದಳಂತೆ. ಅವಳು ಅವನೊಡನೆ ಆಡಿದ ಮೊದಲ ಮಾತು ಅದೇ ಎಂದು ಗುರುರಾಜ ಹೇಳುತ್ತಾನೆ. ವಿಮಲ ತೀರಿಕೊಂಡು ಮೂರು ವರ್ಷವಾಯಿತು. ಅವಳ ಸೀರೆಗಳನ್ನೆಲ್ಲ ಅವನು ಬೇಕಾದವರಿಗೆ ಕೊಟ್ಟ. ವಾಚಿಗೆ ಮಾತ್ರ ದಿನವೂ ಬೆಳಗ್ಗೆ ಕೀಲಿ ಕೊಡುತ್ತಾನೆ, ಕಿವಿಗಿಟ್ಟು ಕೇಳಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾನೆ.

ಅದರ ಮುಖದಲ್ಲಿ ಒಂದು ವಿಶೇಷವಿದೆ. ಕೆನೆಬಣ್ಣದ ಡಯಲಿನಲ್ಲಿ, ಮೇಲಿನ ಗುಂಡಿಯ ಹತ್ತಿರ, ಬಿದಿಗೆ ಚಂದ್ರನಂತೆ ಬಾಗಿದ ಒಂದು ಜೇನುಬಣ್ಣದ ಛಾಯೆ. ಗುರುರಾಜನಿಗೆ ಇದು ಆ ವಾಚಿನ ಪ್ರಾಣ. ಉಷ್ಣ ದೇಶದ ಬಿಸಿಲಿಗೆ ಡಯಲು ಹೀಗೆ ಮಾಗುತ್ತದೆ, ಲೋಕದ ಸಂಗ್ರಾಹಕರು ಇಂಥದ್ದಕ್ಕೆ ಹಾತೊರೆಯುತ್ತಾರೆ, ಬೇಕೆಂದರೆ ಮಾಡಿಸಲು ಬರುವುದಿಲ್ಲ, ಕಾಲವೇ ಮನಸ್ಸು ಮಾಡಬೇಕು ಎಂದು ಪಾಠ ಹೇಳುತ್ತಿದ್ದ. ಕಾಫಿ ಆರುವವರೆಗೆ ಹೇಳುತ್ತಿದ್ದ. ನಾನು ನನ್ನ ಮೂರೂ ಡಯಲುಗಳನ್ನು ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಕಾಲ ಅವುಗಳ ಮೇಲೆ ಮನಸ್ಸು ಮಾಡಿರಲಿಲ್ಲ.

ಶ್ರಾವಣದ ಶುರುವಿನಲ್ಲಿ ಗುರುರಾಜ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾಯಿತು. ಹಿಂದಿನ ಸಂಜೆ ಆಟೋದಲ್ಲಿ ನಮ್ಮ ಮನೆಗೆ ಬಂದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟ.

"ಬೆಳಗ್ಗೆ ಕೀಲಿ ಕೊಡು. ಬಿಗಿ ಮಾಡಬೇಡ. ನಿಂತುಹೋಗಬಾರದು ಅಷ್ಟೇ ಕಣಯ್ಯ."

"ಮಂಡಿಗೆ ಹೆದರ್ತೀಯೋ ವಾಚಿಗೋ?" ಎಂದೆ.

"ಮಂಡಿ ಬೇರೇದು ಹಾಕ್ತಾರೆ," ಎಂದ.

ಇಷ್ಟು ದೊಡ್ಡ ಗೌರವ ನನಗೆ ಕೆಲಸದಲ್ಲಿದ್ದಾಗಲೂ ಸಿಕ್ಕಿರಲಿಲ್ಲ. ಪೆಟ್ಟಿಗೆಯನ್ನು ಬೀರುವಿನ ಒಳಗಿನ ಅರೆಯಲ್ಲಿಟ್ಟೆ. ಮನೆಯಲ್ಲಿ ಅತಿ ಭದ್ರವಾದ ಜಾಗ ಅದು. ಪದ್ಮನ ಒಡವೆಗಳು ಇರುವುದೂ ಅಲ್ಲೇ. ತಪ್ಪಾದದ್ದು ಇಲ್ಲಿ.

ನಮ್ಮ ಕಡೆಯ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಮನೆಯ ಚಿನ್ನವನ್ನೆಲ್ಲ ತೆಗೆದು ತೊಳೆಯುವುದು ರೂಢಿ. ಅಂಟುವಾಳದ ಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ನೊರೆ ಬಂದ ನೀರಿಗೆ ಒಡವೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾರೆ. ದೇವಿಯ ಮುಂದೆ ಮಂಕಾದ ಚಿನ್ನ ಇಡಬಾರದು. ನಾನು ಪೇಪರು ಮುಗಿಸಿ ಒಳಗೆ ಹೋದಾಗ ಪದ್ಮ ಅಡುಗೆಕಟ್ಟೆಯ ಮೇಲೆ ಬಿಳಿ ಪಂಚೆಯ ತುಂಡು ಹಾಸಿ ತೊಳೆದದ್ದನ್ನು ಆರಹಾಕಿದ್ದಳು. ಬಳೆ, ಸರ, ವಾಲೆ, ಗುರುರಾಜನ ವಾಚು. ಅಂಥ ಹೊಳಪನ್ನು ಅದರ ಮೇಲೆ ನಾನು ಎಂದೂ ಕಂಡಿರಲಿಲ್ಲ. ಗಾಜಿನ ಒಳಗೆ ಮಂಜು ಕವಿದಿತ್ತು.

"ಇದನ್ನ ಯಾಕೆ ತೊಳೆದೆ?"

"ಚಿನ್ನ ಅಲ್ವಾ?"

"ವಾಚು ಕಣೆ ಅದು."

"ನೀವೇ ಅಲ್ವಾ ಹೇಳಿದ್ದು, ಅಪ್ಪಟ ಹದಿನೆಂಟು ಕ್ಯಾರೆಟ್ಟು, ಹುಷಾರು ಅಂತ. ಹುಷಾರಾಗೇ ತೊಳೆದೆ. ಬ್ರಷ್ ಹಾಕಿಲ್ಲ."

"ನನ್ನವನ್ನೂ ತೊಳೆದೆಯಾ?"

"ನಿಮ್ಮ ಡಬ್ಬಿ ಮುಟ್ಟಿಲ್ಲ. ಅದರಲ್ಲಿ ಚಿನ್ನ ಎಷ್ಟಿದೆ ಅಂತ ನಂಗೊತ್ತಿಲ್ವಾ."

ಅವಳ ಮೇಲೆ ಸಿಟ್ಟು ಮಾಡುವುದು ಸುಲಭವಿತ್ತು, ನ್ಯಾಯವಾಗಿರಲಿಲ್ಲ. ಮೂಲದಲ್ಲೇ ಒಂದು ಗೊಂದಲವಿದೆ. ಚಿನ್ನದ ಕೆಲಸ ಇದ್ದಲ್ಲೇ ಇರುವುದು. ಅಜ್ಜಿಯ ಬಳೆ ಮೊಮ್ಮಗಳ ಕೈಗೆ ಬಂದರೂ ಅದು ಎಲ್ಲಿಗೂ ಹೋದಂತಲ್ಲ. ಗಡಿಯಾರದ ಕೆಲಸ ನಡೆಯುವುದು. ಎರಡನ್ನೂ ಒಂದೇ ಒಡಲಿನಲ್ಲಿ ಬೆಸೆದವನು ಸ್ವಿಟ್ಜರ್ಲೆಂಡಿನವನು. ಅವನಿಗೆ ವರಮಹಾಲಕ್ಷ್ಮಿಯ ಪರಿಚಯವಿರಲಿಲ್ಲ. ನನ್ನ ಮುಖ ನೋಡಿ ವಿಷಯ ತಿಳಿದ ಪದ್ಮ ತಕ್ಷಣ ವಾಚನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು. ಮೊಬೈಲು ನೀರಿಗೆ ಬಿದ್ದಾಗ ಹಾಗೆ ಮಾಡುತ್ತಾರಂತೆ. ಸ್ವಲ್ಪ ಹೊತ್ತಿಗೆ ಕಿವಿಗಿಟ್ಟು ಕೇಳಿದೆ. ಅಕ್ಕಿಯ ವಾಸನೆ ಬಂತು, ಸದ್ದು ಬರಲಿಲ್ಲ.

ಹೊಸ ರಸ್ತೆಗಳು, ಹೊಸ ಅಂಗಡಿಗಳ ನಡುವೆ ಕೈಗಡಿಯಾರ ಬಿಚ್ಚಬಲ್ಲವರು ಈಗ ಕಡಿಮೆ. ನಾವಿಬ್ಬರೂ ನಂಬುವವನು ವೀರೇಶ. ಗದಗಿನ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಅಲ್ಲೇ ಒಂದು ಮೆಟ್ಟಿಲ ಕೆಳಗೆ ಕಪಾಟಿನಷ್ಟು ಅಂಗಡಿ. ಹಿಂಬದಿ ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಮೂಸಿ ನೋಡಿದ.

"ಏನ್ರೀ ಸರ, ಇದಕ್ಕ ಜಳಕ ಮಾಡ್ಸೀರಿ?"

"ಹಬ್ಬ ಅಲ್ವಾ," ಎಂದೆ.

"ಹಬ್ಬಕ್ಕ ಜಳಕ ಮಾಡ್ಸೋದು ಅಳಿಯಗ್ರೀ. ವಾಚಿಗಲ್ಲ."

ವಾರದ ನಂತರ ವಾಚು ನಡೆಯುತ್ತಿತ್ತು. ಆದರೆ ಕೆಳಗಿನ ಗುಂಡಿಯ ಸಂದಿಯಿಂದ ನುಗ್ಗಿದ ನೀರು ಡಯಲಿನ ಮೇಲೆ ಒಣಗಿ ಹೊಸದೊಂದು ಕಲೆ ಬಿಟ್ಟಿತ್ತು. ಅದು ಹೋಗುವುದಿಲ್ಲ ಎಂದ ವೀರೇಶ. ಬೇಕಾದರೆ ಡಯಲಿಗೆ ಪೂರ್ತಿ ಹೊಸ ಬಣ್ಣ ಹೊಡೆಸಿ ಅಂಕಿ ಬರೆಸುತ್ತೇನೆ, ಹೊಸ ಮದುಮಗನಂತಾಗುತ್ತದೆ ಎಂದ. ಒಂದು ಕ್ಷಣ ನನ್ನ ಬುದ್ಧಿ ಆ ಕಡೆ ವಾಲಿತು. ಆದರೆ ಹೊಸ ಕಲೆ ಅಳಿಸಿದರೆ ಕಾಲ ಮನಸ್ಸು ಮಾಡಿ ಬರೆದ ಹಳೆಯ ಛಾಯೆಯೂ ಅಳಿಯುತ್ತಿತ್ತು. ಮುಚ್ಚಿಡುವುದಕ್ಕೂ ಒಂದು ಅನುಕೂಲ ಬೇಕು, ಅದು ಸಿಗಲಿಲ್ಲ.

ಪತ್ರಿಕೆಯಲ್ಲಿ ತಪ್ಪಾದರೆ ತಿದ್ದುಪಡಿ ಹಾಕುತ್ತಿದ್ದೆವು. ಬೇಗ ಹಾಕಬೇಕು, ಸುತ್ತಿ ಬಳಸಬಾರದು. ಗುರುರಾಜ ಆಸ್ಪತ್ರೆಯಿಂದ ಮನೆಗೆ ಬಂದನೆಂದು ತಿಳಿದ ಬೆಳಗ್ಗೆ ಸ್ನಾನ ಮಾಡುತ್ತಲೇ ಒಂದು ತಿದ್ದುಪಡಿ ರಚಿಸಿದೆ. ಮೊದಲ ಪ್ರತಿಯಲ್ಲಿ ವಾಚಿಗೆ ತೇವ ತಾಗಿತ್ತು. ಎರಡನೆಯದರಲ್ಲಿ ನೀರು ತಗುಲಿತ್ತು. ನನ್ನ ಕೈಕೆಳಗಿನ ಹುಡುಗರು ಹೀಗೆ ಬರೆದಿದ್ದರೆ ಹರಿದು ಹಾಕುತ್ತಿದ್ದೆ. ವಿಮಲನ ನೆನಪಾಗಿ ಅವನಿಗೆ ಉಳಿದಿದ್ದ ಒಂದು ವಸ್ತುವನ್ನು ನಾವು ಕೆಡಿಸಿದ್ದೆವು. ಐವತ್ತು ವರ್ಷದ ಸ್ನೇಹ ಅದರ ಜೊತೆ ಹೋಗಬಹುದಿತ್ತು. ಪದ್ಮ ತಾನೂ ಬರುತ್ತೇನೆಂದು ಹೊರಟಳು. "ತೊಳೆದಿದ್ದು ನಾನು. ನೀವು ಹೋಗಿ ಇನ್ನೇನಾದರೂ ಹೇಳ್ತೀರಿ," ಎಂದಳು.

ಗುರುರಾಜ ಸೋಫಾದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ದಿಂಬಿಟ್ಟು ಕೂತಿದ್ದ. ಪೆಟ್ಟಿಗೆ ಕೊಟ್ಟು, ನಡೆದದ್ದನ್ನು ನಡೆದಂತೆ ಹೇಳಿದೆ. ಅವನು ಪೆಟ್ಟಿಗೆ ತೆರೆದ. ಕಿವಿಗಿಟ್ಟು ಕೇಳಿದ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ತರಿಸಿ, ಬಹಳ ಹೊತ್ತು ನೋಡಿದ. ಪಕ್ಕದ ಮನೆಯ ಟ್ಯೂಷನ್ನಿನ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು.

"ಪದ್ಮಾ ಅವರೇ, ಈ ನೀರಿಗೆ ಏನೇನು ಹಾಕಿದ್ರಿ?"

"ಅಂಟುವಾಳ. ಒಂದು ಚಿಟಿಕೆ ಅರಿಶಿನ."

"ಅರಿಶಿನ ಯಾಕೆ?"

"ಚಿನ್ನಕ್ಕೆ ಕಳೆ ಬರುತ್ತೆ ಅಂತ. ಬೇರೆಯವರು ಯಾರೂ ಹಾಕಲ್ಲ. ನೀವು ಬನಶಂಕರಿಲಿದ್ದಾಗ ವಿಮಲನೇ ನಂಗೆ ಹೇಳಿಕೊಟ್ಟಿದ್ದು."

ಗುರುರಾಜ ಭೂತಗನ್ನಡಿ ಕೆಳಗಿಟ್ಟ. ವಾಚನ್ನು ನನ್ನ ಕಡೆ ತಿರುಗಿಸಿದ. ಕೆಳಗಿನ ಗುಂಡಿಯ ಬಳಿ ನಮ್ಮ ಕಲೆ, ಮೇಲಿನ ಗುಂಡಿಯ ಬಳಿ ಅವನ ಬಿದಿಗೆ ಚಂದ್ರ. ಬಣ್ಣ ಒಂದೇ. ಬಾಗು ಕೂಡ ಒಂದೇ.

"ಒಂದು ಹಬ್ಬದ ದಿನ ಊಟಕ್ಕೆ ಕೂತಾಗ ಇದನ್ನ ನೋಡಿದೆ ಕಣಯ್ಯ," ಎಂದ. "ಏನೇ ಇದು, ಮುಖದಲ್ಲಿ ಕಲೆ ಬಂದಿದೆ ಅಂತ ಅವಳಿಗೆ ತೋರಿಸಿದೆ. 'ವಯಸ್ಸಾದ ಮೇಲೆ ಎಲ್ಲರಿಗೂ ಬರುತ್ತೆ ಬಿಡಿ' ಅಂದಳು. ಒಬ್ಬಟ್ಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು." ಹಳೆಯ ಕಲೆಯ ಮೇಲೆ ಬೆರಳಿಟ್ಟು, "ನಾನು ತೋರಿಸಿದ ಕಡೆ ಅವಳು ನೋಡಲೇ ಇಲ್ಲ," ಎಂದ.

ವಯಸ್ಸಿನ ಆ ಸಿದ್ಧಾಂತವನ್ನು ಅವನು ಆಮೇಲೆ ಪುಸ್ತಕಗಳಲ್ಲಿ ಹುಡುಕಿ, ಉಷ್ಣ ದೇಶದ ಬಿಸಿಲಿನವರೆಗೆ ಬೆಳೆಸಿದ್ದ. ಹೋಟೆಲಿನಲ್ಲಿ ನನಗೆ, ಮನೆಗೆ ಬಂದವರಿಗೆ, ಒಮ್ಮೆ ಮುಂಬಯಿಯಿಂದ ಬಂದ ಒಬ್ಬ ದೊಡ್ಡ ಸಂಗ್ರಾಹಕನಿಗೂ ಪಾಠ ಮಾಡಿದ್ದ. ಆ ದೊಡ್ಡ ಸಂಗ್ರಾಹಕ ಕೈಮುಗಿದು ಹೋಗಿದ್ದ.

"ಕಾಫಿ ಕೊಡೋಕೆ ಬಂದಾಗೆಲ್ಲ ಈ ಪಾಠ ಕೇಳಿಸಿಕೊಂಡಿದಾಳಲ್ರೀ ಅವಳು," ಎಂದಳು ಪದ್ಮ. "ಒಳಗೆ ಹೋಗಿ ಎಷ್ಟು ನಗ್ತಿದ್ದಳೋ."

ಗುರುರಾಜ ನಗಲು ಶುರುಮಾಡಿದ. ಸದ್ದಿಲ್ಲದೆ, ಭುಜ ಅಲ್ಲಾಡುತ್ತಾ. ವಿಮಲ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಡುವೆ ಕನ್ನಡಕ ತೆಗೆದು ಒರೆಸಿಕೊಂಡ. "ನಗಿಸಬೇಡ್ರಪ್ಪ, ಮಂಡಿ ಎಳೆಯುತ್ತೆ," ಎಂದು ಮತ್ತೆ ನಕ್ಕ. ಮನೆಯಲ್ಲಿ ಮೂರು ವರ್ಷದಿಂದ ವಿಮಲನ ವಿಷಯದಲ್ಲಿ ಹೊಸ ಸುದ್ದಿಯೇ ಇರಲಿಲ್ಲ, ಇದ್ದದ್ದೆಲ್ಲ ಹಳೆಯದು. ಅವತ್ತು ಒಂದು ಹೊಸದು ಬಂದಿತ್ತು.

ಡಯಲಿಗೆ ಬಣ್ಣ ಹೊಡೆಸಬಹುದೆಂದು ವೀರೇಶ ಹೇಳಿದ್ದನ್ನು ತಿಳಿಸಿದೆ.

"ಮುಟ್ಟಿದರೆ ಅವನ ಕೈ ಮುರೀತೀನಿ ಅಂತ ಹೇಳು," ಎಂದ. ಪದ್ಮನ ಕಡೆ ತಿರುಗಿ, "ನಿಮ್ಮದೂ ಇರಲಿ," ಎಂದ.

ಸಂಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ ಗುರುರಾಜನ ವಾಚಿನ ಬೆಲೆ ಅಂದು ಬೆಳಗ್ಗೆ ತೀರ ಇಳಿಯಿತು. ಹಳೆಯ ವಸ್ತುಗಳ ಮೇಲೆ ಕಾಲದ ಕೈಬರಹ ಹುಡುಕುವ ನಮ್ಮಂಥವರು ಅಡುಗೆಮನೆಯ ಕಡೆಗೂ ಒಮ್ಮೆ ವಿಚಾರಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಕಾಲ ಒಂದೇ ಅಷ್ಟೆಲ್ಲ ಕೆಲಸ ಮಾಡಿರಲಾರದು.

ಮೊನ್ನೆ ಭಾನುವಾರ ಗುರುರಾಜ ಕೋಲು ಊರಿಕೊಂಡು ಹೋಟೆಲಿಗೆ ಬಂದ. ವಾಚು ಪೆಟ್ಟಿಗೆಯಲ್ಲಿರಲಿಲ್ಲ, ಎಡಗೈಯಲ್ಲಿತ್ತು. ರಿಪೇರಿಯ ನಂತರ ಅದು ದಿನಕ್ಕೆ ಕೆಲವು ನಿಮಿಷ ಹಿಂದೆ ಬೀಳುತ್ತಿದೆ. ಅವನು ತಡವಾಗಿ ಬಂದಿದ್ದ.